ಪತ್ರೆ ಮರದ ಕರಡಿಗೆ

ಮಂಚದ ಕಾಲು ಕಡೆಯುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು. ಲೇತಿನಲ್ಲಿ ಮರ ತಿರುಗುತ್ತಿರುತ್ತದೆ, ಉಳಿ ಆನಿಸುತ್ತೀರಿ, ಏನು ಹೋಯಿತು ಏನು ಉಳಿಯಿತು ಎನ್ನುವುದು ಕಣ್ಣೆದುರೇ ಕಾಣುತ್ತದೆ. ಹೆಚ್ಚುಕಮ್ಮಿಯಾದರೆ ಕಾಲು ಒಂಚೂರು ಸಣ್ಣಗಾಗುತ್ತದೆ, ಅಷ್ಟೇ ತಾನೇ? ಆದರೆ ಮರದ ಒಳಗನ್ನು ಟೊಳ್ಳು ಮಾಡುವುದಿದೆಯಲ್ಲ, ಅದರ ಕತೆಯೇ ಬೇರೆ. ಮೂತಿ ಬಾಗಿದ ಉಳಿ ಒಳಗೆ ಹೋದ ಮೇಲೆ ಕಣ್ಣಿಗೆ ಕೆಲಸವಿಲ್ಲ. ಕಿವಿ ಕೇಳಬೇಕು, ಮಣಿಕಟ್ಟು ಹೇಳಬೇಕು. ಗೋಡೆ ದಪ್ಪಗಿರುವಾಗ ಒಂದು ಸದ್ದು, ತೆಳ್ಳಗಾದಾಗ ಇನ್ನೊಂದು. ಆ ಎರಡನೆಯ ಸದ್ದು ಕೇಳಿದ ಮೇಲೂ ಆಸೆಗೆ ಬಿದ್ದು ಮತ್ತೊಂದು ಸಲ ಉಳಿ ಆಡಿಸಿದಿರೋ, ಭರಣಿಯ ಹೊಟ್ಟೆ ಪಟ್ಟನೆ ಒಡೆದು ಮುಖಕ್ಕೆ ಬಂದು ಬಡಿಯುತ್ತದೆ. ನನ್ನ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಹೆಣ್ಣು ನೋಡಲು ಬಂದವರೆಲ್ಲ ನನ್ನನ್ನು ಬಿಟ್ಟು ಅದನ್ನೇ ನೋಡಿಕೊಂಡು ಹೋಗುತ್ತಿದ್ದರು.

ನಮ್ಮದು ಹನೂರು ಕಡೆಯ, ಮರಗೆಲಸದ ಆಚಾರ್ ಮನೆ. ಲೇತಿಗೆ ಮೋಟಾರು ಕೂರಿಸುವ ಮುಂಚೆ ಅದಕ್ಕೆ ಹಗ್ಗ ಸುತ್ತಿ ಒಬ್ಬರು ಎಳೆಯಬೇಕಿತ್ತು, ಇನ್ನೊಬ್ಬರು ಉಳಿ ಹಿಡಿಯಬೇಕಿತ್ತು. ಅಪ್ಪ ಉಳಿ ಹಿಡಿಯುತ್ತಿದ್ದ, ಎಳೆಯುವವಳು ನಾನು. ಎಳೆದೂ ಎಳೆದೂ ಬೇಸತ್ತು ಒಂದು ದಿನ, ನೀನು ಎಳಿ, ನಾನು ಕಡೀತೀನಿ ಎಂದುಬಿಟ್ಟೆ. ಅಪ್ಪ ಬೈಯಲಿಲ್ಲ. ಎದ್ದು ಬಂದು ಹಗ್ಗ ಹಿಡಿದ. ನಾನು ಈ ಕೆಲಸ ಕಲಿತದ್ದು ಹಾಗೆ.

ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಹನೂರಿನ ಮಾರುಕಟ್ಟೆಗೆ ಬಂದು, ಜೋಳದ ಮೂಟೆ ತೂಗಿಸಿ ಬರೆದುಕೊಳ್ಳುವ ಹುಡುಗನೊಬ್ಬ ಅವ್ವನಿಗೆ ವಿಭೂತಿ ಇಡಲು ಒಂದು ಭರಣಿ ಬೇಕು ಎಂದು ನಮ್ಮಲ್ಲಿಗೆ ಬಂದ. ಕೊಟ್ಟೆ. ಮುಂದಿನ ವಾರ ಇನ್ನೊಂದು ಬೇಕೆಂದ. ಆಮೇಲೆ ಮತ್ತೊಂದು. ಒಂದು ಮನೆಗೆ ಎಷ್ಟು ಭರಣಿ ಬೇಕು? ಅಪ್ಪನಿಗೆ ಅರ್ಥವಾಯಿತು, ನನಗೂ ಆಯಿತು. ಅವರದು ಲಿಂಗಾಯತರ ಮನೆ, ಹೊಲಗದ್ದೆ ಇದ್ದವರು. ಎರಡೂ ಕಡೆ ಸಾಕಷ್ಟು ಕೂಗಾಟವಾಯಿತು. ಕೊನೆಗೆ ಅವರ ತಾಯಿಯೇ ಮುಂದೆ ಬಂದು ಮದುವೆ ಮಾಡಿದರು. ಬಿಟ್ಟಿದ್ದರೆ ಇವನು ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಭರಣಿ ತುಂಬಿಸುತ್ತಿದ್ದ, ಅದಕ್ಕೇ ಒಪ್ಪಿದೆ ಎಂದು ಅತ್ತೆ ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ.

ಮದುವೆಯ ಹೊತ್ತಿನಲ್ಲಿ ನನಗೂ ಲಿಂಗ ಕಟ್ಟಿಸುವ ಮಾತು ಬಂತು. ನಾನು ಬೇಡ ಎಂದೆ. ಆಯುಧಪೂಜೆಗೆ ಉಳಿಗಳನ್ನು ತೊಳೆದು ಸಾಲಾಗಿ ಇಟ್ಟು ಕೈಮುಗಿಯುವವಳು ನಾನು, ಒಂದು ತಲೆ ಎರಡು ಕಡೆ ಬಾಗುವುದಿಲ್ಲ ಎಂದೆ. ವಯಸ್ಸು ಹಾಗಿತ್ತು, ಬಾಯಿಯೂ ಹಾಗಿತ್ತು. ಜನ ಎಲ್ಲ ಅತ್ತೆಯ ಮುಖ ನೋಡಿದರು.

“ಬುಡಿ, ಅವಳ್ದು ಅವಳ್ಗಿರ್ಲಿ, ನಂದು ನಂಗಿರ್ಲಿ. ಅನ್ನ ಒಂದೇ ಮಡಕೇಲಿ ಬೆಂದ್ರೆ ಸಾಕು” ಅಂದರು ಅತ್ತೆ.

ಅಲ್ಲಿಂದ ಮುಂದೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ. ಅಪ್ಪ ಹೋದ ಮೇಲೆ ಲೇತನ್ನು ಕೊಳ್ಳೇಗಾಲಕ್ಕೆ ತಂದು ಮನೆಯ ಪಕ್ಕದ ಶೆಡ್ಡಿನಲ್ಲಿ ಹಾಕಿಕೊಂಡೆ. ಶೆಡ್ಡಿಗೆ ಬರುವಾಗ ಅತ್ತೆ ಚಪ್ಪಲಿಯನ್ನು ಹೊರಗೇ ಬಿಟ್ಟು ಬರುತ್ತಾರೆ. ಅವರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ನಾನು ಆ ಕೋಣೆಯ ಕಡೆ ಸುಳಿಯುವುದಿಲ್ಲ. ಅವರ ಕೊರಳಿನ ಲಿಂಗವನ್ನು ನಾನು ಮುಟ್ಟಿದವಳಲ್ಲ. ನಾನೇಕೆ, ಹೆತ್ತ ಮಗನೂ ಮುಟ್ಟಿದವನಲ್ಲ. ಅವರವರ ಲಿಂಗ ಅವರವರ ಅಂಗೈಗೆ ಮಾತ್ರ ಎನ್ನುವುದು ಅತ್ತೆಯ ಕಟ್ಟು. ಪೂಜೆಯಾಗದೆ ಬಾಯಿಗೆ ತೊಟ್ಟು ನೀರು ಬಿಟ್ಟುಕೊಂಡವರೂ ಅಲ್ಲ ಅವರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಕಾಲು ಸುಧಾರಿಸಿತು, ಮಾತು ಎರಡೇ ವಾರಕ್ಕೆ ಮೊದಲಿನ ಹಾಗೇ ಆಯಿತು, ಇನ್ನೂ ಒಂದು ಕೈ ಮೇಲೇ ಎನ್ನಬೇಕು. ಬಲಗೈ ಮಾತ್ರ ಸರಿಹೋಗಲಿಲ್ಲ. ಎತ್ತಬಲ್ಲರು, ವಿಭೂತಿಯನ್ನು ಹೇಗೋ ಹಚ್ಚಬಲ್ಲರು, ಬೆರಳುಗಳಿಗೆ ಹಿಡಿತ ಮಾತ್ರ ಇಲ್ಲ. ಲಿಂಗ ಇಟ್ಟುಕೊಳ್ಳುವ ಅವರ ಕರಡಿಗೆ ಬೆಳ್ಳಿಯದು, ತವರಿನಿಂದ ಬಂದದ್ದು. ಮುಚ್ಚಳಕ್ಕೆ ತಿರುಗಣೆ. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ತಿರುವಬೇಕು. ಅದು ಅವರಿಂದ ಆಗದಾಯಿತು.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ನಮ್ಮ ಮನೆಯವರು ಮುಚ್ಚಳ ತಿರುವಿ ಸಡಿಲ ಮಾಡಿ ಕೊಡುತ್ತಿದ್ದರು. ಅದಕ್ಕಾಗಿ ಅತ್ತೆ ಆ ಚಳಿಯಲ್ಲಿ ನಸುಕಿಗೇ ಎದ್ದು ಸ್ನಾನ ಮಾಡಬೇಕಿತ್ತು. ಕೆಮ್ಮು ಹತ್ತಿಕೊಂಡಿತು. ಒಂದು ದಿನ ಮಾರುಕಟ್ಟೆಗೆ ಮಾಲು ಹೆಚ್ಚು ಬರುವುದಿತ್ತೆಂದು ಮಗ ಕತ್ತಲಿರುವಾಗಲೇ, ಅತ್ತೆಯ ಸ್ನಾನಕ್ಕೂ ಮುಂಚೆ ಹೊರಟುಹೋದರು. ಅತ್ತೆ ಅವತ್ತು ಸಂಜೆ ಮಗ ಬರುವವರೆಗೆ ಹಸಿದುಕೊಂಡೇ ಇದ್ದರು. ನಾನು ಬರೀ ಮುಚ್ಚಳ ತಿರುವಿ ಕೊಡುತ್ತೇನೆ, ಒಳಗೆ ಕೈ ಹಾಕುವುದಿಲ್ಲ ಎಂದು ಎಷ್ಟು ಹೇಳಿದರೂ ಬೇಡ ಎಂದೇ ಕೂತರು. ಇದೇ ಪಾಡು ಮತ್ತೂ ಒಂದೆರಡು ಸಲ ಆದಾಗ ನನಗೆ ರೇಗಿತು. ನನ್ನ ಕೈಗೇನು ಅಂಟಿಕೊಂಡಿದೆ, ನಾಲ್ಕು ಜನ ಕೇಳಿದರೆ ಸೊಸೆ ಅತ್ತೆಯನ್ನು ಉಪವಾಸ ಕೆಡವಿದಳು ಅನ್ನುವುದಿಲ್ಲವೇ ಎಂದು ಕೂಗಾಡಿದೆ.

ಅತ್ತೆ ನನ್ನ ಕೂಗಾಟ ಮುಗಿಯುವವರೆಗೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ನಿನ್ ಕೈದೇನಿಲ್ಲ ಕಣಮ್ಮಿ. ಮಗ ಬಿಚ್ಚಿಕೊಡುವಾಗ್ಲೂ ನಂಗೆ ಜೀವ ಇಷ್ಟೇ ಇಷ್ಟಾಯ್ತದೆ. ಬುದ್ಧಿ ಬಂದಾಗ್ನಿಂದ ನನ್ ಸಾಮೀನ ನಾನೇ ಬಿಚ್ಕಂಡು ಪೂಜೆ ಮಾಡ್ದೋಳು. ಈಗ ಬಿಚ್ಚಿಕೊಡಿ, ಬಿಚ್ಚಿಕೊಡಿ ಅಂತ ಒಬ್ಬೊಬ್ರ ಮುಂದೆ ಓಗಿ ನಿಂತ್ಕಬೇಕಾ? ಅದ್ಕಿಂತ ಅಸ್ಕಂಡಿರಾದೇ ವಾಸಿ.”

ನನ್ನ ಕೋಪ ಇಳಿದುಹೋಯಿತು. ಒಂದು ಬಟನ್ನು ಹಾಕಿಕೊಡಿ, ಸೂಜಿಗೆ ದಾರ ಪೋಣಿಸಿಕೊಡಿ ಎಂದು ಕೂಡ ಯಾರನ್ನೂ ಕೇಳದೆ ಬಾಳಿದ ಹೆಂಗಸು. ದಿನ ಬೆಳಗಾದರೆ ಕೇಳಬೇಕಲ್ಲ ಎನ್ನುವ ಸಂಕಟದಲ್ಲಿ ಅವರು ಮೆಲ್ಲಗೆ ಊಟವನ್ನೇ ಬಿಡುತ್ತಿದ್ದರು. ಬೆನ್ನಿನ ಮೂಳೆ ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಹೀಗೇ ಬಿಟ್ಟರೆ ಅತ್ತೆ ನಮಗೆ ಉಳಿಯುವುದಿಲ್ಲ ಅನ್ನಿಸಿ ನನಗೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನ ಹೇಳಿದೆ: ಒಂದೇ ಕೈಯಲ್ಲಿ ತೆಗೆಯುವಂಥ ಕರಡಿಗೆಯನ್ನು ಮರದಲ್ಲಿ ಕಡೆದು ಕೊಡುತ್ತೇನೆ. ಯಾರನ್ನೂ ಕೇಳುವುದು ಬೇಡ.

ಅತ್ತೆಯ ಮುಖ ಅರಳಿತು. ಕೂಡಲೇ ತಕರಾರೂ ಶುರುವಾಯಿತು. ನನ್ನ ಹತ್ತಿರ ವರ್ಷಾನುಗಟ್ಟಲೆ ಒಣಗಿದ ತೇಗದ ತುಂಡುಗಳಿದ್ದವು. ಅದು ಬೇಡವಂತೆ. ಪತ್ರೆ ಮರವೇ ಆಗಬೇಕಂತೆ, ಶಿವನ ಪೂಜೆಗೆ ಎಲೆ ಕೊಡುವ ಮರ. ಯಳಂದೂರಿನಲ್ಲಿ ಅವರ ತಮ್ಮನ ಹಿತ್ತಲಿನ ಪತ್ರೆ ಮರದ ಕೊಂಬೆಯೊಂದನ್ನು ಕರೆಂಟಿನ ತಂತಿಗೆ ತಾಕುತ್ತದೆಂದು ಕಡಿದು ಹಾಕಿದ್ದಾರೆ, ಅದನ್ನೇ ತರಿಸು ಎಂದರು. ಸರಿ, ನಮ್ಮ ಮನೆಯವರು ಒಂದು ಭಾನುವಾರ ಹೋಗಿ ಹೆಗಲ ಮೇಲೆ ಹೊತ್ತು ತಂದರು.

ತೂಕ ನೋಡಿದೊಡನೆಯೇ ನನಗೆ ಗೊತ್ತಾಯಿತು, ಹಸಿ ಇದೆ ಎಂದು. ನಿಜವಾಗಿ ಆಗಬೇಕಾದ್ದು ಅದನ್ನು ಸೀಳಿ, ತುದಿಗಳಿಗೆ ಸಗಣಿ ಬಳಿದು, ನೆರಳಿನಲ್ಲಿ ಒಂದು ವರ್ಷ ಮರೆತುಬಿಡುವುದು. ಆದರೆ ಮನೆಯಲ್ಲಿ ಒಬ್ಬರು ದಿನ ಬಿಟ್ಟು ದಿನ ಹಸಿದು ಮಲಗುತ್ತಿರುವಾಗ ವರ್ಷ ಕಾಯುವುದು ಹೇಗೆ? ಪಕ್ಕದ ಮನೆಯಾತ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವನು. ಅವನ ಒಲೆ ಬೆಳಗಿನಿಂದ ಸಂಜೆಯವರೆಗೆ ಆರುವುದಿಲ್ಲ. ಅದರ ಮೇಲಿನ ಅಟ್ಟದಲ್ಲಿಟ್ಟರೆ ತಿಂಗಳಲ್ಲಿ ಒಣಗುತ್ತದೆ ಎಂದುಕೊಂಡು ಅಲ್ಲಿ ಇಟ್ಟು ಬಂದೆ. ಗೂಡು ಬೇಯಿಸುವ ಒಲೆ ಎಂದರೆ ಬರೀ ಬಿಸಿಯಲ್ಲ, ಕುದಿಯುವ ನೀರಿನ ಹಬೆಯೂ ಅಷ್ಟೇ ಇರುತ್ತದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಕೊಳ್ಳೇಗಾಲದಲ್ಲಿ ಇಷ್ಟು ವರ್ಷ ಆ ವಾಸನೆಯಲ್ಲೇ ಬದುಕಿದ್ದೇವೆ, ಮೂಗಿಗೆ ತಿಳಿಯುವುದಿಲ್ಲ, ತಲೆಗೂ ತಿಳಿಯಲಿಲ್ಲ. ಮರ ಇಳಿಸಿದಾಗ ಮೇಲೆಲ್ಲ ಒಣಗಿ ಬೆಚ್ಚಗಿತ್ತು. ಬೆರಳಲ್ಲಿ ಕುಟ್ಟಿದೆ, ಸದ್ದೂ ಚೆನ್ನಾಗಿಯೇ ಬಂತು. ಆಸೆ ಇದ್ದ ಕಡೆ ಕಿವಿಯೂ ಸುಳ್ಳು ಹೇಳುತ್ತದೆ.

ಕಡೆಯಲು ಕೂತ ದಿನ ಅತ್ತೆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತೇ ಇದ್ದರು. ಪತ್ರೆ ಮರ ಹಳದಿ, ಗಟ್ಟಿ, ಉಳಿಗೆ ಸುಮ್ಮನೆ ಬಗ್ಗುವುದಿಲ್ಲ. ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಗುಂಡನೆಯ ಹೊಟ್ಟೆ ಮಾಡಿದೆ. ಕೊರಳಿಗೆ ಹಾಕುವ ಶಿವದಾರ ಕಟ್ಟಲು ಅದರ ಹೆಗಲ ಕೆಳಗೆ ಸುತ್ತಲೂ ಒಂದು ಸಣ್ಣ ಕಚ್ಚು ತೆಗೆದೆ. ಕತ್ತಿನ ಮೇಲೆ ಮುಚ್ಚಳ ಟೋಪಿಯ ಹಾಗೆ ಇಳಿದು ಕೂರಬೇಕು, ಅದರ ಅಂಚು ಸುತ್ತಲೂ ಒಂಚೂರು ಹೊರಗೆ ಚಾಚಿರಬೇಕು. ಎಡಗೈಯ ನಾಲ್ಕು ಬೆರಳು ಹೊಟ್ಟೆಯನ್ನು ಹಿಡಿದರೆ ಹೆಬ್ಬೆರಳು ಆ ಅಂಚನ್ನು ಮೇಲಕ್ಕೆ ತಳ್ಳುತ್ತದೆ, ಮುಚ್ಚಳ ಬಿಡುತ್ತದೆ. ಕೊರಳಲ್ಲಿ ತೂಗುವಾಗ ಬಿಡಬಾರದು, ಹೆಬ್ಬೆರಳು ತಳ್ಳಿದಾಗ ಹಟ ಮಾಡಬಾರದು. ಕತ್ತನ್ನು ಕೂದಲೆಳೆಯಷ್ಟು ಕೆತ್ತುವುದು, ಮುಚ್ಚಳ ಹಾಕಿ ನೋಡುವುದು, ಮತ್ತೆ ಕೂದಲೆಳೆ ಕೆತ್ತುವುದು, ಹೀಗೇ ಮಧ್ಯಾಹ್ನವಾಯಿತು. ಸರಿಯಾಗಿ ಕೂತ ಮುಚ್ಚಳ ಒಳಗಿನ ಗಾಳಿಯನ್ನು ಹಿಡಿದುಕೊಂಡು ಎಳೆಯಲು ಬಿಡುವುದಿಲ್ಲ. ಅದಕ್ಕೆ ನೆತ್ತಿಯಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಹಾಕಿದೆ. ಸಾಮಿಗೆ ಉಸಿರಾಡಕ್ಕಾ ಎಂದು ಅತ್ತೆ ಕೇಳಿದರು. ಹೌದು ಎಂದೆ, ಇನ್ನೇನು ಹೇಳಲಿ.

ಬೆಳ್ಳಿಯದರಿಂದ ಲಿಂಗವನ್ನು ಅದಕ್ಕೆ ಬದಲಾಯಿಸಿಕೊಂಡ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಿಂತು ಕಿವಿಗೊಟ್ಟಿದ್ದೆ. ಟಪ್ ಎನ್ನುವ ಸಣ್ಣ ಸದ್ದು ಬಂತು. ಆಮೇಲೆ ಅವರು ಬಾಯೊಳಗೇ ಏನೋ ಹೇಳಿಕೊಂಡು ಪೂಜೆ ಮಾಡುವುದು ಕೇಳಿಸಿತು. ಅವತ್ತು ಬಿಸಿಲೇರಿದ ಮೇಲೆ ಎದ್ದು, ತಮಗೆ ಬೇಕಾದ ಹೊತ್ತಿಗೆ ನೀರು ಹಾಕಿಕೊಂಡು, ತಮಗೆ ಬೇಕಾದ ಹೊತ್ತಿಗೆ ತಿಂಡಿಗೆ ಬಂದರು. ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದು ಬೈದರು. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತೋ. ಇನ್ನೊಂದು ಸಲ ಬೈಯಲಿ ಎಂದು ನಾನು ಪಲ್ಯಕ್ಕೂ ಉಪ್ಪು ಕಮ್ಮಿ ಹಾಕಿದೆ.

ಯುಗಾದಿ ಕಳೆಯಿತು. ಬಿಸಿಲೆಂದರೆ ಬಿಸಿಲು, ಶೆಡ್ಡಿನ ತಗಡು ಕಾದು ಮುಟ್ಟಲಾಗುತ್ತಿರಲಿಲ್ಲ. ಒಂದು ದಿನ ಅತ್ತೆ ಹೊಟ್ಟೆ ಸರಿಯಿಲ್ಲ ಎಂದು ಊಟ ಬೇಡವೆಂದರು. ಬಿಸಿಲಿಗೆ ಹಾಗಾಗುತ್ತದೆ ಎಂದುಕೊಂಡೆ. ಮಾರನೆಯ ದಿನ ಪೂಜೆಗೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಆ ಕೋಣೆಯ ಕಡೆ ಹೋಗದವಳು ಅವತ್ತು ಬಾಗಿಲಲ್ಲಿ ಹೋಗಿ ನಿಂತೆ. ಅತ್ತೆ ಎಡಗೈಯಲ್ಲಿ ಕರಡಿಗೆ ಹಿಡಿದು ಹೆಬ್ಬೆರಳಲ್ಲಿ ತಳ್ಳುತ್ತಲೇ ಇದ್ದರು. ಹೆಬ್ಬೆರಳ ಚರ್ಮ ಕಿತ್ತು ರಕ್ತ ಬಂದಿತ್ತು. ಮುಚ್ಚಳ ಅಲ್ಲಾಡುತ್ತಿರಲಿಲ್ಲ. ನಿನ್ನೆಯಿಂದ ಹೀಗೇ ಎನ್ನುವುದು ಆಗ ತಿಳಿಯಿತು. ನನಗೆ ನೋವಾದೀತು ಎಂದು ಹೇಳಿರಲಿಲ್ಲ ಅಷ್ಟೇ.

ಹತ್ತಿರ ಹೋಗಿ ಬಗ್ಗಿ ನೋಡಿದೆ. ಮರದೊಳಗೆ ಉಳಿದಿದ್ದ ಹಸಿ ಈ ಬಿಸಿಲಿಗೆ ಒಣಗಿದೆ, ಮುಚ್ಚಳ ಒಂದು ಕಡೆಗೆ ಸೊಟ್ಟಗಾಗಿದೆ, ಕತ್ತು ಇನ್ನೊಂದು ಕಡೆಗೆ. ಎರಡೂ ಒಂದನ್ನೊಂದು ಕಚ್ಚಿಕೊಂಡಿವೆ. ನೋಡಿದ ಕೂಡಲೇ ಅಷ್ಟೂ ನನಗೆ ಗೊತ್ತಾಯಿತು, ಗೊತ್ತಾಗಿ ಏನು ಬಂತು? ಅವರ ದೇವರನ್ನು ನಾನು ನನ್ನ ಕೈಯಾರೆ ಬೀಗ ಹಾಕಿ ಇಟ್ಟಿದ್ದೆ. ಅವರು ಎರಡು ದಿನದಿಂದ ನೀರೂ ಕುಡಿದಿರಲಿಲ್ಲ. ಮಾತ್ರೆಯನ್ನೂ ನುಂಗಿರಲಿಲ್ಲ. ಲಕ್ವ ಹೊಡೆದ ಮೈ, ಮಾತ್ರೆ ತಪ್ಪಿಸಬೇಡಿ ಎಂದು ಡಾಕ್ಟರು ಸಾವಿರ ಸಲ ಹೇಳಿದ್ದರು.

ನಮ್ಮ ಮನೆಯವರಿಗೆ ಫೋನು ಮಾಡಿದೆ. ಸಂಜೆ ಬರುತ್ತೇನೆ, ಕತ್ತಿ ಇಟ್ಟು ಒಂದು ಏಟು ಹಾಕಿದರೆ ಸೀಳುತ್ತದೆ ಎಂದರು. ಪಕ್ಕದ ಮನೆಯಾತ ಬಂದು ನೋಡಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಸಾಕು ಎಂದ. ಇಬ್ಬರಿಗೂ ಸರಿಯಾಗಿ ಬೈದೆ. ಲಿಂಗದ ಮೇಲಿನ ಕಪ್ಪು ಲೇಪ ತೆಂಗಿನ ಚಿಪ್ಪಿನಷ್ಟೂ ಗಟ್ಟಿಯಲ್ಲ. ಪತ್ರೆ ಮರ ಎಲ್ಲಿ ಸೀಳುತ್ತದೆಂದು ಪತ್ರೆ ಮರಕ್ಕೇ ಗೊತ್ತಿಲ್ಲ. ಕತ್ತಿ ಒಳಗೆ ಇಳಿದು ಲಿಂಗಕ್ಕೆ ಏಟು ಬಿದ್ದು ಅದು ಭಿನ್ನವಾಯಿತೋ, ಅತ್ತೆ ಆಮೇಲೆ ಅನ್ನ ಮುಟ್ಟುವುದಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು.

ಒಂದೇ ದಾರಿ ಇತ್ತು. ಕರಡಿಗೆಯನ್ನು ಮತ್ತೆ ಲೇತಿಗೆ ಕಚ್ಚಿಸಿ, ಮುಚ್ಚಳದ ಅಂಚನ್ನು ಹೊರಗಿನಿಂದ ಎಳೆಎಳೆಯಾಗಿ ಕಡೆದು ಹಾಕಬೇಕು. ಅಂಚು ಪೂರಾ ಹೋದರೆ ಕತ್ತನ್ನು ಹಿಡಿದಿರುವುದು ಏನೂ ಉಳಿಯುವುದಿಲ್ಲ, ಮುಚ್ಚಳ ತಾನೇ ಬೀಳುತ್ತದೆ. ಉಳಿಗೂ ಲಿಂಗಕ್ಕೂ ನಡುವೆ ಕತ್ತಿನ ಗೋಡೆ ಇರುತ್ತದೆ. ಆ ಗೋಡೆ ಎಷ್ಟು ದಪ್ಪ ಎನ್ನುವುದು ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು. ಆದರೆ ಮೋಟಾರು ಹಾಕುವ ಹಾಗಿಲ್ಲ, ಆ ವೇಗಕ್ಕೆ ಒಳಗಿರುವುದು ಪುಡಿಯಾಗುತ್ತದೆ. ಬೆಲ್ಟು ಕಳಚಿ, ಚಕ್ರವನ್ನು ಯಾರಾದರೂ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಿರಬೇಕು. ಇದನ್ನೆಲ್ಲ ಅತ್ತೆಯ ಮುಂದೆ ಕೂತು ಹೇಳಿದೆ. ಹೇಳುವಾಗ ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ದೇವರನ್ನು ಮಂಚದ ಕಾಲಿನ ಹಾಗೆ ಮಿಷನ್ನಿಗೆ ಸಿಕ್ಕಿಸುತ್ತೇನೆ ಎನ್ನುತ್ತಿದ್ದೆನಲ್ಲ.

ಚಕ್ರ ಯಾರು ತಿರುಗಿಸುತ್ತಾರೆ ಎಂದಷ್ಟೇ ಅತ್ತೆ ಕೇಳಿದರು. ಪಕ್ಕದ ಮನೆಯಾತ ಎಂದೆ.

“ಅವನ್ಯಾಕೆ?” ಅಂದರು. “ನನ್ ಸಾಮೀನ ನಾನೇ ತಿರುಗುಸ್ತೀನಿ. ಎಡಗೈ ಚೆನ್ನಾಗೇ ಅದಲ್ಲ ನಂಗೆ.”

ಶೆಡ್ಡನ್ನು ಗುಡಿಸಿ ನೀರು ಹಾಕಿ ತೊಳೆದೆ. ಬೆಲ್ಟು ಬಿಚ್ಚಿದೆ. ಅತ್ತೆ ಶಿವದಾರವನ್ನು ಕೊರಳಿಂದ ತೆಗೆದು, ಗಂಟನ್ನು ಹಲ್ಲಲ್ಲಿ ಕಚ್ಚಿ ತಾವೇ ಬಿಚ್ಚಿದರು. ನಾನು ಲೇತಿನ ತಲೆಗೆ ಒಂದು ಮರದ ತುಂಡು ಹಾಕಿ, ಕರಡಿಗೆಯ ತಳ ಬಿಗಿಯಾಗಿ ಕೂರುವ ಕುಳಿ ಮಾಡಿಟ್ಟಿದ್ದೆ. ಕರಡಿಗೆಯನ್ನು ಅದರಲ್ಲಿ ಕೂರಿಸಿದವರೂ ಅವರೇ, ನಾನು ಹೊರಗಿನಿಂದ ಒತ್ತಿ ಬಿಗಿ ಮಾಡಿದೆ ಅಷ್ಟೇ. ಸ್ಟೂಲನ್ನು ಚಕ್ರದ ಪಕ್ಕಕ್ಕೆ ಎಳೆದುಕೊಂಡು ಕೂತು ಅವರು ಎಡಗೈ ಚಕ್ರದ ಮೇಲಿಟ್ಟರು. ಕೈ ಹಾಕಿದ ಮೇಲೆ ಒಂದು ಸಲ ಕಣ್ಣು ಮುಚ್ಚಿ ತೆರೆದರು.

ಮೊದಮೊದಲು ಜಗ್ಗಿ ಜಗ್ಗಿ ತಿರುಗಿಸುತ್ತಿದ್ದರು. ಉಳಿ ಮರವನ್ನು ಹಿಡಿಯದೆ ಮೇಲೇ ಜಾರುತ್ತಿತ್ತು. ರಾಗಿ ಬೀಸುವ ಹಾಗೆ ತಿರುಗಿಸಿ ಎಂದೆ. ಅದಾದ ಮೇಲೆ ಹದ ಸಿಕ್ಕಿತು. ಪ್ರತಿ ಸುತ್ತಿಗೂ ಒಳಗೆ ಲಿಂಗ ಒಂದು ಸಲ ಮೆತ್ತಗೆ ಉರುಳುವ ಸದ್ದು ಕೇಳುತ್ತಿತ್ತು. ನಾನು ಎಷ್ಟೋ ಭರಣಿ ಕಡೆದಿದ್ದೇನೆ, ಕಡೆಯುವಾಗ ಎಲ್ಲವೂ ಒಳಗೆ ಬರಿದು. ಒಳಗೆ ಒಂದು ಜೀವದ ಆಸರೆ ಇಟ್ಟುಕೊಂಡು ತಿರುಗಿದ್ದು ಇದೊಂದೇ. ಹಳದಿ ಎಳೆ ಒಂದೊಂದಾಗಿ ಸುರುಳಿ ಬಿಚ್ಚಿ ಬೀಳುತ್ತಿತ್ತು. ಅತ್ತೆಗೆ ಸುಸ್ತಾದಾಗ ನಿಲ್ಲಿಸುತ್ತಿದ್ದೆ. ಒಂದು ತೊಟ್ಟು ನೀರು ಕುಡಿಯಿರಿ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ಮಾತ್ರೆ ಎಂದರೆ ಕಣ್ಣು ಬಿಡುತ್ತಿದ್ದರು. ಅವರ ಹಣೆಯ ಬೆವರನ್ನು ನನ್ನ ಸೆರಗಿನಲ್ಲಿ ಒರೆಸಿ ಮತ್ತೆ ಉಳಿ ಹಿಡಿಯುತ್ತಿದ್ದೆ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಈ ಹೆಂಗಸು ಇಲ್ಲೇ ಸ್ಟೂಲಿನ ಮೇಲೆ ಕುಸಿದರೆ ಏನು ಗತಿ ಎನ್ನುವುದು ಒಂದು ಕಡೆ, ಉಳಿ ಒಂದು ಸಲ ಅದುರಿದರೆ ಏನು ಗತಿ ಎನ್ನುವುದು ಇನ್ನೊಂದು ಕಡೆ.

ಅಂಚು ಕಾಗದದಷ್ಟು ತೆಳ್ಳಗಾಗಿ ಅದರ ಹಿಂದೆ ಕತ್ತಿನ ಬಣ್ಣ ಕಾಣತೊಡಗಿತು. ಇನ್ನೇನು ನಾಲ್ಕಾರು ಸುತ್ತು. ಕರಡಿಗೆ ಅಡ್ಡ ಮಲಗಿತ್ತು, ಮುಚ್ಚಳ ಬಿದ್ದ ಕ್ಷಣಕ್ಕೆ ಲಿಂಗ ಹೊರಗೆ ಉರುಳುತ್ತದೆ. ಅದಕ್ಕೆಂದೇ ಒಗೆದ ಬಿಳಿ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದೆ. ಅತ್ತೆ ಚಕ್ರ ನಿಲ್ಲಿಸಿದರು. ಬಟ್ಟೆ ಯಾಕೆ ಎಂದರು. ಬಿದ್ದರೆ ಪೆಟ್ಟಾಗದಿರಲಿ ಎಂದು ಅಂದೆ.

“ತಗಿ ಅದ. ಸಾಮಿ ಬಟ್ಟೆ ಮ್ಯಾಲೆ ಬೀಳಾದಲ್ಲ. ಅಂಗೈ ಒಡ್ಡು.”

ನನಗೆ ಅರ್ಥವಾಗಲಿಲ್ಲ. ನೀವೇ ಬಂದು ಒಡ್ಡಿ, ಚಕ್ರಕ್ಕೆ ಪಕ್ಕದ ಮನೆಯವನನ್ನು ಕೂಗುತ್ತೇನೆ ಎಂದೆ. ಅವರು ಚಕ್ರದಿಂದ ಕೈ ತೆಗೆಯಲಿಲ್ಲ.

“ನಿನ್ ಅಂಗೈನೇ ಒಡ್ಡು ಅಂದೆ” ಅಂದರು. “ಇಷ್ಟೊತ್ಗಂಟ ಸಾಮೀನ ಕಾದೋಳು ನೀನು. ಬೀಳಾಗ ಬ್ಯಾರೆಯೋರು ಯಾಕೆ?”

ಪಂಚೆ ತೆಗೆದೆ. ಎಡಗೈ ತೊಳೆದು ಬಂದು ಕರಡಿಗೆಯ ಕೆಳಗೆ ಹಿಡಿದೆ. ಉಳಿಯ ಹಿಡಿಯನ್ನು ಕಂಕುಳಲ್ಲಿ ಇರುಕಿಸಿಕೊಂಡು ಬಲಗೈಯೊಂದರಲ್ಲೇ ಮೂತಿ ಆನಿಸಿದೆ. ಅತ್ತೆ ತಿರುಗಿಸಿದರು. ಒಂದು ಸುತ್ತು, ಇನ್ನೊಂದು ಸುತ್ತು. ಎಳೆ ಕಡಿಯಿತು. ಮುಚ್ಚಳ ಬಿತ್ತು, ಅದರ ಹಿಂದೆಯೇ ಲಿಂಗ ನನ್ನ ಅಂಗೈಗೆ ಬಂತು. ಕಪ್ಪಗೆ, ನುಣ್ಣಗೆ, ಬೆಚ್ಚಗೆ. ಸುತ್ತ ತಿರುಗಿಸಿ ನೋಡಿದೆ. ಎಲ್ಲೂ ಒಂದು ಗೀರಿರಲಿಲ್ಲ.

ಕೊಡುವುದಕ್ಕೆಂದು ಕೈ ಚಾಚಿದೆ. ಅತ್ತೆಯ ಎಡಗೈ ಚಕ್ರ ತಿರುಗಿಸಿ ತಿರುಗಿಸಿ ಸೋತು, ಗ್ರೀಸು ಮೆತ್ತಿಕೊಂಡು, ಅಂಗೈ ಬಿಡಿಸಲಾಗದಂತಾಗಿತ್ತು. ಅವರು ಆ ಕೈಯನ್ನು ನೋಡಿಕೊಂಡರು. ಆಮೇಲೆ ಹಾಗೇ ಹಿಡಿದುಕೋ ಎಂದು ಹೇಳಿ, ಪಕ್ಕದ ಮನೆಯ ಕಡೆ ಕೂಗಿ, ಒಳಗಿನಿಂದ ನೀರು, ವಿಭೂತಿ, ಪತ್ರೆ ತರಿಸಿದರು. ತಂದುಕೊಟ್ಟವಳು ಪಕ್ಕದ ಮನೆಯಾತನ ಹೆಂಡತಿ, ಬಾಗಿಲಲ್ಲೇ ಬೆರಗಾಗಿ ನಿಂತಳು. ಶೆಡ್ಡಿನ ಆ ಮರದ ಹೊಟ್ಟಿನ ನಡುವೆ, ಸ್ಟೂಲಿನ ಮೇಲೆ ಕೂತು, ಅತ್ತೆ ಕೈ ತೊಳೆದುಕೊಂಡು ನನ್ನ ಅಂಗೈಯ ಮೇಲೆಯೇ ಪೂಜೆ ಮಾಡಿದರು. ತಣ್ಣನೆಯ ನೀರು ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಹಿಡಿತವಿಲ್ಲದ ಬಲಗೈಯಿಂದ ಅವರು ವಿಭೂತಿ ಹಚ್ಚಿದರು, ಅರ್ಧ ಲಿಂಗಕ್ಕೆ ಹತ್ತಿತು, ಅರ್ಧ ನನ್ನ ಅಂಗೈಗೆ. ನಾನು ಅಳುವವಳಲ್ಲ. ಅಪ್ಪ ಸತ್ತಾಗಲೂ ಎದ್ದು ಹೋಗಿ ಲೇತಿನ ಮುಂದೆ ನಿಂತವಳು. ಅವತ್ತು ಮಾತ್ರ ಕಣ್ಣೀರು ಒರೆಸಿಕೊಳ್ಳಲು ಕೈ ಕೂಡ ಬಿಡುವಿಲ್ಲದೆ ಅತ್ತುಬಿಟ್ಟೆ. ಅಷ್ಟು ವರ್ಷ ಉಳಿ ಹಿಡಿದ ಕೈ ಹಿಂಗೆ ನಡುಗುತ್ತದಾ, ಗಟ್ಟಿಯಾಗಿ ಹಿಡಿ ಎಂದು ಅವರು ಗದರಿಸಿದರು.

ಲಿಂಗ ಬೆಳ್ಳಿಯ ಕರಡಿಗೆಗೆ ಹೋಯಿತು. ಗಂಜಿ ಕುಡಿಸಿ ಮಾತ್ರೆ ಕೊಟ್ಟೆ. ಸಂಜೆ ನಮ್ಮ ಮನೆಯವರು ಹನೂರಿನಿಂದ ಕತ್ತಿ ಮಸೆಸಿಕೊಂಡು ಬಂದರು. ಅದನ್ನು ತೆಂಗಿನಕಾಯಿಗೆ ಇಟ್ಟುಕೊಳ್ಳಿ ಎಂದು ಅತ್ತೆ, ನಾನು ಇಬ್ಬರೂ ನಕ್ಕೆವು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯವರು ಬಸ್ಸಿಗೆ ಹೋದ ಮೇಲೆ ನಾನು ಚೆನ್ನಾಗಿ ಒಣಗಿದ ತೇಗದ ತುಂಡೊಂದನ್ನು ಲೇತಿಗೆ ಹಾಕಿದೆ. ಈ ಸಲ ಅತ್ತೆಯ ಮರ, ಅತ್ತೆಯ ಮಾತು ಯಾವುದನ್ನೂ ಕೇಳುವುದಿಲ್ಲ, ನನ್ನ ಲೆಕ್ಕದಲ್ಲೇ ಮಾಡುತ್ತೇನೆ, ಇನ್ನು ಮೇಲೆ ಅವರು ಒಂದು ಹೊತ್ತೂ ಹಸಿದಿರಬಾರದು ಎಂದು ಹಟ. ಹೊರಮೈ ದುಂಡಗೆ ಬಂದಿತ್ತು. ಒಳಗೆ ಟೊಳ್ಳು ಮಾಡಲು ಬಾಗಿದ ಉಳಿ ತೆಗೆದುಕೊಂಡಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಿರುಗಿದರೆ ಅತ್ತೆ. ಆಗತಾನೇ ಸ್ನಾನವಾಗಿತ್ತು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಲೇತಿನ ಮೇಲೆ ತಿರುಗುತ್ತಿದ್ದ ತುಂಡನ್ನು ನೋಡಿದರು, ಏನದು ಎಂದು ಕೇಳಲಿಲ್ಲ. ಕೊರಳಿನ ಬೆಳ್ಳಿ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಂತರು.

“ಬಿಚ್ಚಿಕೊಡವ್ವ, ಒಟ್ಟೆ ಅಸೀತಾ ಅದೆ” ಅಂದರು.

ನಾನು ಮೋಟಾರು ನಿಲ್ಲಿಸಿ ಕೈ ತೊಳೆದುಕೊಳ್ಳಲು ಓಡಿದೆ.